ಮನೆ ಕಟ್ಟಲು ಮನೆ ಒಡೆಯುವ ಲೆಕ್ಕ: ಲಂಡನ್‌ನ ಹಳೆಯ ಎಸ್ಟೇಟ್‌ಗಳಲ್ಲಿ ನಡೆಯುತ್ತಿರುವುದೇನು?

ಲಂಡನ್‌ನಲ್ಲಿ ಕಡಿಮೆ ಆದಾಯದವರಿಗೆ ಮನೆಗಳು ಸಾಲುತ್ತಿಲ್ಲ ಎಂಬುದನ್ನು ಅಲ್ಲಿನ ಎಲ್ಲ ಪಕ್ಷಗಳೂ ಒಪ್ಪುತ್ತವೆ. ಆದರೂ 2025ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸರ್ಕಾರ ಮತ್ತು ಲಂಡನ್ ಮೇಯರ್ ಸಾದಿಕ್ ಖಾನ್ ಜಂಟಿಯಾಗಿ ಪ್ರಕಟಿಸಿದ ತೀರ್ಮಾನ ಓದುಗರನ್ನು ತಲೆ ಕೆರೆದುಕೊಳ್ಳುವಂತೆ ಮಾಡಿತು. ಅಲ್ಲಿಯವರೆಗೆ, ಹೊಸ ವಸತಿ ಯೋಜನೆಯಲ್ಲಿ ಶೇ 35ರಷ್ಟು ಮನೆಗಳನ್ನು ಕೈಗೆಟುಕುವ ದರಕ್ಕೆ ಮೀಸಲಿಟ್ಟ ಬಿಲ್ಡರ್‌ಗೆ ಹೆಚ್ಚಿನ ಲೆಕ್ಕ ಕೇಳದೆ ಬೇಗ ಅನುಮತಿ ಸಿಗುತ್ತಿತ್ತು. ಈಗ ಕೆಲವು ವರ್ಷಗಳ ಮಟ್ಟಿಗೆ ಶೇ 20 ಇದ್ದರೂ ಸಾಕು ಎಂದರು. ಮನೆಯ ಬರ ಇರುವಾಗ ಬಡವರ ಪಾಲನ್ನೇ ಇಳಿಸುವುದು ಯಾವ ನ್ಯಾಯ?

ಅದಕ್ಕೂ ನಾಲ್ಕು ತಿಂಗಳ ಮುಂಚೆ, ಜೂನ್‌ನಲ್ಲಿ, ಇದೇ ಸರ್ಕಾರ ಇಂಥ ಮನೆಗಳಿಗಾಗಿಯೇ ಹತ್ತು ವರ್ಷಗಳಲ್ಲಿ 3,900 ಕೋಟಿ ಪೌಂಡ್ ಕೊಡುವುದಾಗಿ ಘೋಷಿಸಿತ್ತು. ಇನ್ನೊಂದು ಕಡೆ, ಬಡವರಿಗೆ ಮನೆ ಕೊಡುವುದೇ ಉದ್ದೇಶವಾಗಿರುವ ಪೀಬಡಿ ಎಂಬ ಸಂಸ್ಥೆ ಆಗ್ನೇಯ ಲಂಡನ್‌ನ ಥೇಮ್ಸ್‌ಮೀಡ್‌ನಲ್ಲಿ 596 ಮನೆಗಳಿರುವ ಲೆಸ್ನೆಸ್ ಎಸ್ಟೇಟನ್ನು ಕೆಡವಿ 1,950ರವರೆಗೆ ಹೊಸ ಮನೆ ಕಟ್ಟುವ ಯೋಜನೆ ಹಿಡಿದು ನಿಂತಿದೆ. ಮೂರು ಪಟ್ಟು ಮನೆ ಬರುತ್ತದೆಂದರೆ ಯಾರಾದರೂ ಸಂತೋಷಪಡಬೇಕು. 2024ರಲ್ಲಿ ಪ್ರತಿಭಟನಕಾರರು ಅಲ್ಲಿನ ಖಾಲಿ ಮನೆಯೊಳಗೆ ಹೊಕ್ಕು ಕುಳಿತರು.

ಈ ಮೂರೂ ಸುದ್ದಿಗಳ ಹಿಂದಿರುವುದು ಒಂದೇ ಲೆಕ್ಕ. ಅದು ಅರ್ಥವಾದರೆ ಉಳಿದ ಗೋಜಲು ತಾನೇ ಬಿಡಿಸಿಕೊಳ್ಳುತ್ತದೆ.

ಎಸ್ಟೇಟ್ ಎಂದರೆ ಕಾಫಿ ತೋಟವಲ್ಲ

ಮೊದಲು ಪದಗಳು. ಎಸ್ಟೇಟ್ ಎಂದೊಡನೆ ನಮಗೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟ ಕಣ್ಣ ಮುಂದೆ ಬರುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯ ಜನ ಎಸ್ಟೇಟ್ ಎನ್ನುವುದು ಸರ್ಕಾರವೋ ನಮ್ಮ ನಗರಸಭೆಯಂಥ ಸ್ಥಳೀಯ ಕೌನ್ಸಿಲ್ಲೋ ಒಟ್ಟಾಗಿ ಕಟ್ಟಿಸಿದ ಮನೆಗಳ ಸಮೂಹವನ್ನು. ನಮ್ಮ ಕರ್ನಾಟಕ ಗೃಹ ಮಂಡಳಿಯ ಬಡಾವಣೆಯನ್ನೂ ಹಳೆಯ ಸರ್ಕಾರಿ ಕ್ವಾರ್ಟರ್ಸನ್ನೂ ಬೆರೆಸಿದಂತೆ ಎಂದುಕೊಳ್ಳಬಹುದು.

ಹೌಸಿಂಗ್ ಅಸೋಸಿಯೇಷನ್ ಎಂಬುದೂ ನಮ್ಮ ಗೃಹ ನಿರ್ಮಾಣ ಸಹಕಾರ ಸಂಘವಲ್ಲ. ನಮ್ಮ ಸಂಘಗಳು ಸದಸ್ಯರಿಂದ ಹಣ ಕಟ್ಟಿಸಿಕೊಂಡು ನಿವೇಶನ ಹಂಚಿ ಕೈ ತೊಳೆದುಕೊಳ್ಳುತ್ತವೆ. ಅಲ್ಲಿನ ಅಸೋಸಿಯೇಷನ್ ಲಾಭ ಹಂಚದ ಸಂಸ್ಥೆ. ಮನೆ ಕಟ್ಟಿ, ತಾನೇ ಒಡೆತನ ಇಟ್ಟುಕೊಂಡು, ಕಡಿಮೆ ಬಾಡಿಗೆಗೆ ಕೊಟ್ಟು, ದಶಕಗಟ್ಟಲೆ ರಿಪೇರಿಯ ಹೊಣೆಯನ್ನೂ ಹೊರುತ್ತದೆ. ಪೀಬಡಿಯ ಮೂಲವೂ ದಾನವೇ: ಲಂಡನ್‌ನಲ್ಲಿ ನೆಲೆಸಿದ್ದ ಅಮೆರಿಕದ ಬ್ಯಾಂಕರ್ ಜಾರ್ಜ್ ಪೀಬಡಿ 1862ರಲ್ಲಿ ನಗರದ ಬಡವರಿಗಾಗಿ ಕೊಟ್ಟ 1.5 ಲಕ್ಷ ಪೌಂಡ್. ಇಂದು ಇಂಥ ದೊಡ್ಡ ಸಂಸ್ಥೆಗಳು ಲಕ್ಷದ ಲೆಕ್ಕದಲ್ಲಿ ಮನೆಗಳನ್ನು ಹೊಂದಿವೆ.

ಇನ್ನು ‘ಕೈಗೆಟುಕುವ ಮನೆ’. ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವ ಪದ ಇದು. ಸರ್ಕಾರದ ಸೂತ್ರದಂತೆ ನಿಗದಿಯಾಗುವ ‘ಸಾಮಾಜಿಕ ಬಾಡಿಗೆ’ ಲಂಡನ್‌ನಲ್ಲಿ ಮಾರುಕಟ್ಟೆ ಬಾಡಿಗೆಯ ಮೂರನೇ ಒಂದರ ಆಸುಪಾಸಿನಲ್ಲಿರುತ್ತದೆ. ಖಾಸಗಿ ಬಾಡಿಗೆ ಅಲ್ಲಿ ಸರಾಸರಿ ತಿಂಗಳಿಗೆ 2,200 ಪೌಂಡ್ ದಾಟಿದೆ. 2010ರ ನಂತರ ಬಂದ ‘ಅಫರ್ಡಬಲ್ ರೆಂಟ್’ ಮಾರುಕಟ್ಟೆ ದರದ ಶೇ 80ರವರೆಗೂ ಹೋಗಬಹುದು. ಮನೆಯ ಒಂದು ಪಾಲನ್ನು ಕೊಂಡು ಉಳಿದದ್ದಕ್ಕೆ ಬಾಡಿಗೆ ಕಟ್ಟುವ ಪಾಲುದಾರಿಕೆಯೂ ಇದೇ ಹೆಸರಿನಡಿ ಬರುತ್ತದೆ. ಮೂರಕ್ಕೂ ಒಂದೇ ಹಣೆಪಟ್ಟಿ. ಕೈಗೆಟುಕುವುದು ಯಾರ ಕೈಗೆ ಎಂದು ಕೇಳದೆ ಯಾವ ಶೇಕಡಾವಾರು ಅಂಕಿಯನ್ನೂ ನಂಬುವಂತಿಲ್ಲ.

ಕೌನ್ಸಿಲ್ ಕೈಬಿಟ್ಟದ್ದು, ಅಸೋಸಿಯೇಷನ್ ಹಿಡಿದದ್ದು

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಕಾಯ್ದೆಯಿಂದ ಶುರುವಾಗಿ 1970ರ ದಶಕದವರೆಗೂ ಬಾಡಿಗೆ ಮನೆ ಕಟ್ಟಿಸುವುದು ಮುಖ್ಯವಾಗಿ ಕೌನ್ಸಿಲ್‌ಗಳ ಕೆಲಸವಾಗಿತ್ತು. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ‘ಕೊಳ್ಳುವ ಹಕ್ಕು’ ತಂದಿತು: ಕೌನ್ಸಿಲ್ ಮನೆಯಲ್ಲಿದ್ದವರು ಭಾರಿ ರಿಯಾಯಿತಿಯಲ್ಲಿ ಅದನ್ನು ತಮ್ಮದಾಗಿಸಿಕೊಳ್ಳಬಹುದು. ಸುಮಾರು 20 ಲಕ್ಷ ಮನೆಗಳು ಹೀಗೆ ಕೈಬದಲಾದವು. ಕೊಂಡವರಿಗೆ ಅದು ಬದುಕು ಬದಲಿಸಿದ ಅವಕಾಶ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮಾರಿದ ಹಣದಿಂದ ಅಷ್ಟೇ ಹೊಸ ಮನೆ ಕಟ್ಟಲು ಕೌನ್ಸಿಲ್‌ಗಳಿಗೆ ಬಿಡಲಿಲ್ಲ.

1988ರ ಕಾಯ್ದೆ ಹೌಸಿಂಗ್ ಅಸೋಸಿಯೇಷನ್‌ಗಳಿಗೆ ಖಾಸಗಿ ಸಾಲ ಎತ್ತುವ ದಾರಿ ತೆರೆಯಿತು. ಕೌನ್ಸಿಲ್‌ಗಳು ತಮ್ಮ ಎಸ್ಟೇಟ್‌ಗಳನ್ನು ಇಡಿಯಾಗಿ ಅವುಗಳಿಗೆ ವರ್ಗಾಯಿಸತೊಡಗಿದವು. ಅಸೋಸಿಯೇಷನ್ ಎತ್ತಿದ ಸಾಲ ಸರ್ಕಾರದ ಸಾಲದ ಪುಸ್ತಕದಲ್ಲಿ ಕಾಣಿಸುವುದಿಲ್ಲ ಎಂಬುದು ಖಜಾನೆಗೆ ಹಿತವಾಗಿತ್ತು. ಕೊನೆಯ ತಿರುವು 2010ರದ್ದು. ಆಗಿನ ಸಮ್ಮಿಶ್ರ ಸರ್ಕಾರ ಹೊಸ ಮನೆಗೆ ಕೊಡುತ್ತಿದ್ದ ಅನುದಾನವನ್ನು ಅರ್ಧಕ್ಕಿಂತ ಹೆಚ್ಚು ಕಡಿದು, ಉಳಿದದ್ದನ್ನು ನೀವೇ ಸಂಪಾದಿಸಿಕೊಳ್ಳಿ ಎಂದಿತು. ದಾನಧರ್ಮದ ಸಂಸ್ಥೆ ಅಲ್ಲಿಂದ ಮುಂದೆ ಬಿಲ್ಡರ್ ಆಗದೆ ಗತಿಯಿರಲಿಲ್ಲ.

ಒಡೆಯಲು ಕಾರಣ ನಿಜವೇ?

ಕೆಲವೆಡೆ ಖಂಡಿತ ನಿಜ. 1960ರ ದಶಕದಲ್ಲಿ ಕಾರ್ಖಾನೆಯಲ್ಲಿ ಎರಕಹೊಯ್ದ ದೊಡ್ಡ ಕಾಂಕ್ರೀಟ್ ಹಲಗೆಗಳನ್ನು ಸ್ಥಳಕ್ಕೆ ತಂದು, ಇಸ್ಪೀಟು ಎಲೆಗಳನ್ನು ನಿಲ್ಲಿಸಿದಂತೆ ಜೋಡಿಸಿ ಕಟ್ಟುವ ವಿಧಾನ ಜೋರಾಗಿತ್ತು. ಕೆಲಸ ಬೇಗ, ಖರ್ಚು ಕಡಿಮೆ. 1968ರ ಮೇ 16ರಂದು ಪೂರ್ವ ಲಂಡನ್‌ನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಹೊಸ ಕಟ್ಟಡದಲ್ಲಿ ಗ್ಯಾಸ್ ಸ್ಫೋಟಗೊಂಡಾಗ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿದು ನಾಲ್ವರು ಸತ್ತರು. ಅರ್ಧ ಶತಮಾನದ ನಂತರ, 2017ರಲ್ಲಿ, ಪೆಕಮ್‌ನ ಲೆಡ್‌ಬರಿ ಎಸ್ಟೇಟ್‌ನ ಗೋಪುರಗಳಲ್ಲಿ ಬಿರುಕುಗಳ ಪರಿಶೀಲನೆ ನಡೆದಾಗ, ಅದೇ ಬಗೆಯ ದೌರ್ಬಲ್ಯ ಕಂಡು ಗ್ಯಾಸ್ ಪೂರೈಕೆಯನ್ನೇ ನಿಲ್ಲಿಸಬೇಕಾಯಿತು. ಅಲ್ಲಿನ ನಿವಾಸಿಗಳೇ ಕೆಡವಿ ಕಟ್ಟಿ ಎಂದು ಮತ ಹಾಕಿದರು.

ಆದರೆ ಎಲ್ಲ ಎಸ್ಟೇಟ್‌ಗಳೂ ಅಷ್ಟು ಜೀರ್ಣವಾಗಿಲ್ಲ. ದಕ್ಷಿಣ ಲಂಡನ್‌ನ ಲ್ಯಾಂಬೆತ್ ಎಂದರೆ ಕನ್ನಡಿಗರಿಗೆ ನೆನಪಾಗುವುದು ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆ; ಅದಕ್ಕಾಗಿ ಓಡಾಡಿದ ಕಲಬುರಗಿ ಮೂಲದ ನೀರಜ್ ಪಾಟೀಲ್ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಅದೇ ಲ್ಯಾಂಬೆತ್‌ನಲ್ಲಿ ಕ್ರೆಸಿಂಗಮ್ ಗಾರ್ಡನ್ಸ್ ಎಂಬ, ಪಾರ್ಕ್‌ನ ಅಂಚಿನಲ್ಲಿ ತಗ್ಗಾಗಿ ಹರಡಿಕೊಂಡಿರುವ ಸುಮಾರು 300 ಮನೆಗಳ ಎಸ್ಟೇಟ್ ಇದೆ. ಗೋಡೆ ಸೋರುತ್ತದೆ, ರಿಪೇರಿ ಬೇಕು, ಸರಿ. ಆದರೆ ಕೆಡವಲೇಬೇಕೆಂದು ಹೇಳಲು ಕೌನ್ಸಿಲ್‌ಗೆ ಕಷ್ಟವಾಯಿತು. ರಿಪೇರಿಯ ಆಯ್ಕೆಗಳನ್ನು ಸಮಾಲೋಚನೆಯ ನಡುವೆಯೇ ಕೈಬಿಟ್ಟದ್ದು ಕಾನೂನುಬಾಹಿರ ಎಂದು 2015ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು.

ಇಲ್ಲಿ ಕೆಡವುವ ಆಸೆಗೆ ಕಾರಣ ಗೋಡೆಯಷ್ಟೇ ಅಲ್ಲ, ನೆಲವೂ ಹೌದು. ತಗ್ಗು ಮನೆಗಳ ನಡುವೆ ವಿಶಾಲ ಹುಲ್ಲುಹಾಸು ಬಿಟ್ಟು ಕಟ್ಟಿದ ಆ ಕಾಲದ ಎಸ್ಟೇಟ್‌ಗಳು ಇಂದಿನ ಬಿಲ್ಡರ್ ಕಣ್ಣಿಗೆ ಅರ್ಧ ಖಾಲಿ ನಿವೇಶನಗಳು. ಜೊತೆಗೆ ಆ ನೆಲ ಈಗಾಗಲೇ ಕೌನ್ಸಿಲ್ ಅಥವಾ ಅಸೋಸಿಯೇಷನ್ನಿನದು. ಲಂಡನ್‌ನಲ್ಲಿ ನೆಲ ಕೊಳ್ಳದೆ ಮನೆ ಕಟ್ಟಬಹುದಾದ ಜಾಗ ಬೇರೆಲ್ಲಿದೆ?

ಎಲ್ಲದರ ಕೆಳಗಿರುವ ಲೆಕ್ಕ

ಒಂದು ಕಾಲ್ಪನಿಕ ಎಸ್ಟೇಟ್ ತೆಗೆದುಕೊಳ್ಳೋಣ. ಅಂಕಿಗಳು ಸುಲಭವಾಗಿ ಭಾಗವಾಗಲಿ ಎಂದು ಆರಿಸಿದವು, ಯಾವ ನಿಜ ಯೋಜನೆಯವೂ ಅಲ್ಲ. ಅಲ್ಲಿ ಸಾಮಾಜಿಕ ಬಾಡಿಗೆಯ 100 ಮನೆಗಳಿವೆ. ಒಂದು ಹೊಸ ಫ್ಲ್ಯಾಟ್ ಕಟ್ಟಲು 4 ಲಕ್ಷ ಪೌಂಡ್. ಹಳಬರಿಗೆಲ್ಲ ಮನೆ ಮರಳಿಸಲು 100 ಫ್ಲ್ಯಾಟ್ ಬೇಕು, ಅಂದರೆ 4 ಕೋಟಿ ಪೌಂಡ್. ಕಡಿಮೆ ಬಾಡಿಗೆಯ ಬಲದ ಮೇಲೆ ಒಂದಿಷ್ಟು ಸಾಲ ಸಿಗುತ್ತದೆ, ಅದನ್ನು ಸದ್ಯ ಬದಿಗಿಡೋಣ. ಆ 4 ಕೋಟಿ ಎಲ್ಲಿಂದ ಬರಬೇಕು? ಅದೇ ನೆಲದಲ್ಲಿ ಇನ್ನಷ್ಟು ಫ್ಲ್ಯಾಟ್ ಕಟ್ಟಿ 5 ಲಕ್ಷಕ್ಕೆ ಮಾರಿದರೆ ಪ್ರತಿಯೊಂದರಲ್ಲಿ 1 ಲಕ್ಷ ಉಳಿಯುತ್ತದೆ. 4 ಕೋಟಿ ಹುಟ್ಟಬೇಕಾದರೆ 400 ಫ್ಲ್ಯಾಟ್ ಮಾರಬೇಕು. ಹೀಗಾಗಿ 100 ಮನೆಯ ಜಾಗದಲ್ಲಿ 500 ಮನೆ ಏಳುತ್ತದೆ. ಪ್ರಕಟಣೆಯಲ್ಲಿ ‘ಐದು ಪಟ್ಟು ಹೊಸ ಮನೆಗಳು’ ಎಂದು ಬರುತ್ತದೆ. ಕಾಯುವ ಪಟ್ಟಿಯಲ್ಲಿರುವವನಿಗೆ ಸಿಕ್ಕಿದ್ದು? ಸೊನ್ನೆ. ಇದ್ದ 100ರ ಜಾಗಕ್ಕೆ 100 ಬಂತು, ಉಳಿದದ್ದು ಮಾರಾಟಕ್ಕೆ.

ಈಗ ಕಟ್ಟುವ ಖರ್ಚು ಶೇ 10ರಷ್ಟು ಏರಿತು ಎನ್ನೋಣ. ಫ್ಲ್ಯಾಟ್‌ಗೆ 4.4 ಲಕ್ಷ. ಹಳಬರ ಮನೆಗಳಿಗೆ ಬೇಕಾದದ್ದು 4.4 ಕೋಟಿ, ಮಾರುವ ಫ್ಲ್ಯಾಟ್‌ನಲ್ಲಿ ಉಳಿಯುವುದು 60 ಸಾವಿರ ಮಾತ್ರ. ಮಾರಬೇಕಾದ ಫ್ಲ್ಯಾಟ್‌ಗಳು 400 ಇದ್ದದ್ದು 730 ದಾಟುತ್ತವೆ! ಖರ್ಚಿನಲ್ಲಿ ಹತ್ತನೇ ಒಂದು ಭಾಗ ಏರಿದ್ದಕ್ಕೆ ಮಾರಾಟ ಹೆಚ್ಚು ಕಡಿಮೆ ಎರಡು ಪಟ್ಟಾಗಬೇಕು. ಅಷ್ಟು ಎತ್ತರಕ್ಕೆ ಅನುಮತಿ ಸಿಗಬೇಕು, ಅಷ್ಟು ಜನ ಕೊಳ್ಳಬೇಕು, ಎರಡೂ ಸಿಗದಿದ್ದರೆ ಯೋಜನೆ ನಿಲ್ಲಬೇಕು. ಅದೇ ಸರ್ಕಾರ ಪ್ರತಿ ಬಾಡಿಗೆ ಮನೆಗೂ 1 ಲಕ್ಷ ಅನುದಾನ ಕೊಟ್ಟಿದ್ದರೆ, ಮೊದಲ ಖರ್ಚಿನಲ್ಲಿ 300 ಮಾರಿದರೆ ಸಾಕಾಗುತ್ತಿತ್ತು.

ಎಸ್ಟೇಟ್ ಯೋಜನೆಗಳು ಯಾಕೆ ದೈತ್ಯಾಕಾರ ತಾಳುತ್ತವೆ, ಯಾಕೆ ಆಗಾಗ ಬದಲಾಗುತ್ತವೆ, ಯಾಕೆ ನಡುದಾರಿಯಲ್ಲಿ ನಿಲ್ಲುತ್ತವೆ ಎಂಬುದಕ್ಕೆಲ್ಲ ಉತ್ತರ ಇಷ್ಟರಲ್ಲೇ ಇದೆ. ಬಾಡಿಗೆದಾರನ ತಲೆಯ ಮೇಲಿನ ಸೂರನ್ನು ಫ್ಲ್ಯಾಟ್ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿಹಾಕಲಾಗಿದೆ. ಮಾರುಕಟ್ಟೆ ಏರುತ್ತಿದ್ದಾಗ ಇದು ಯಾರಿಗೂ ತಪ್ಪಾಗಿ ಕಾಣಲಿಲ್ಲ.

ಒಂದು ಸಣ್ಣ ನಿಯಮ ಈ ಕಟ್ಟನ್ನು ಇನ್ನಷ್ಟು ಬಿಗಿದಿತ್ತು. 2021ರಲ್ಲಿ ಶುರುವಾದ ಅನುದಾನ ಯೋಜನೆಯ ಹಣ ಹೆಚ್ಚುವರಿ ಮನೆಗಳಿಗೆ ಮಾತ್ರ. ಕೆಡವಿದ ಮನೆಯ ಬದಲಿಗೆ ಕಟ್ಟುವ ಮನೆಗೆ ಬಿಡಿಗಾಸೂ ಇಲ್ಲ. ಹಳಬರ ಮನೆಗಳ ಪೂರ್ತಿ ಭಾರ ಮಾರಾಟದ ಮೇಲೆಯೇ ಬೀಳುತ್ತಿತ್ತು. 2023ರಲ್ಲಿ ಈ ನಿಯಮ ಸಡಿಲವಾಯಿತು. ಪತ್ರಿಕೆಗಳ ಮುಖಪುಟಕ್ಕೆ ಬರುವಂಥ ಸುದ್ದಿಯಲ್ಲ, ಆದರೆ ಲೆಕ್ಕಪತ್ರದಲ್ಲಿ ಅದರ ತೂಕ ದೊಡ್ಡದು.

ಹೇಗೇಟ್ ಬಿಟ್ಟುಹೋದ ಅಪನಂಬಿಕೆ

ಎಲಿಫೆಂಟ್ ಅಂಡ್ ಕ್ಯಾಸಲ್ ಬಳಿಯಿದ್ದ ಹೇಗೇಟ್ ಎಸ್ಟೇಟ್‌ನ ಹೆಸರು ಹೇಳಿದರೆ ಲಂಡನ್‌ನ ಬಾಡಿಗೆದಾರರು ಇಂದಿಗೂ ಮುಖ ಗಂಟಿಕ್ಕುತ್ತಾರೆ. 1974ರಲ್ಲಿ ಪೂರ್ಣಗೊಂಡ 1,200ಕ್ಕೂ ಹೆಚ್ಚು ಮನೆಗಳ ಆ ಎಸ್ಟೇಟನ್ನು ಸದರ್ಕ್ ಕೌನ್ಸಿಲ್ ತೆರವು ಮಾಡಿಸಿ, ಲೆಂಡ್‌ಲೀಸ್ ಎಂಬ ಕಂಪನಿಗೆ 5 ಕೋಟಿ ಪೌಂಡ್‌ಗೆ ಕೊಟ್ಟಿತು. ಜನರನ್ನು ಹೊರಡಿಸುವುದಕ್ಕೇ ಸುಮಾರು 4.4 ಕೋಟಿ ಪೌಂಡ್ ಖರ್ಚಾಗಿತ್ತು. ಆ ಜಾಗದಲ್ಲಿ ಎದ್ದ ಎರಡು ಸಾವಿರಕ್ಕೂ ಮಿಕ್ಕ ಫ್ಲ್ಯಾಟ್‌ಗಳಲ್ಲಿ ಸಾಮಾಜಿಕ ಬಾಡಿಗೆಗೆ ಅನುಮತಿಯ ವೇಳೆ ಗೊತ್ತುಮಾಡಿದ್ದು ಕೇವಲ 82. ಹಳಬರು ಚದುರಿಹೋದರು. ಕೊಳ್ಳುವ ಹಕ್ಕಿನಡಿ ಮನೆ ಕೊಂಡಿದ್ದವರ ಪಾಡು ಬೇರೆ: ಬ್ರಿಟನ್ನಿನಲ್ಲಿ ಫ್ಲ್ಯಾಟ್ ಕೊಂಡರೆ ಸಿಗುವುದು ಸಾಮಾನ್ಯವಾಗಿ ನೂರಿನ್ನೂರು ವರ್ಷಗಳ ಗುತ್ತಿಗೆ, ನೆಲ ಇನ್ನೊಬ್ಬರದು. ಕೌನ್ಸಿಲ್ ಕಡ್ಡಾಯ ಸ್ವಾಧೀನ ಮಾಡಿ ಕೊಟ್ಟ ಪರಿಹಾರದಲ್ಲಿ ಅದೇ ಪ್ರದೇಶದಲ್ಲಿ ಮತ್ತೊಂದು ಮನೆ ಕೊಳ್ಳುವುದು ಹಲವರಿಗೆ ಆಗದ ಮಾತಾಯಿತು.

ಇದು ಒಂಟಿ ಪ್ರಕರಣವೂ ಅಲ್ಲ. ಲಂಡನ್ ಅಸೆಂಬ್ಲಿಯ ವಸತಿ ಸಮಿತಿ 2015ರಲ್ಲಿ ಹಿಂದಿನ ಒಂದು ದಶಕದ ಸುಮಾರು 50 ಎಸ್ಟೇಟ್ ಯೋಜನೆಗಳನ್ನು ಪರಿಶೀಲಿಸಿದಾಗ, ಒಟ್ಟು ಮನೆಗಳು ಹೆಚ್ಚು ಕಡಿಮೆ ದುಪ್ಪಟ್ಟಾಗಿದ್ದರೂ ಸಾಮಾಜಿಕ ಬಾಡಿಗೆಯ ಸುಮಾರು 8,000 ಮನೆಗಳು ಕಡಿಮೆಯಾಗಿದ್ದು ಕಂಡುಬಂತು.

ಹೇಗೇಟ್‌ನಿಂದ ಕೂಗಳತೆಯ ದೂರದಲ್ಲಿರುವ ಏಲ್ಸ್‌ಬರಿ ಎಸ್ಟೇಟ್‌ನ ಕಥೆ ಇನ್ನೂ ಉದ್ದ. 1963ರಿಂದ 1977ರವರೆಗೆ ಕಟ್ಟಿದ ಸುಮಾರು 2,700 ಮನೆಗಳು. 1997ರಲ್ಲಿ ಪ್ರಧಾನಿಯಾದ ಟೋನಿ ಬ್ಲೇರ್, ಮರೆತುಹೋದ ಜನ ಇನ್ನು ಇರಬಾರದು ಎಂಬ ಅರ್ಥದ ಭಾಷಣ ಮಾಡಲು ಆರಿಸಿಕೊಂಡದ್ದು ಇದೇ ಜಾಗವನ್ನು. 2001ರಲ್ಲಿ ಎಸ್ಟೇಟನ್ನು ಹೌಸಿಂಗ್ ಅಸೋಸಿಯೇಷನ್‌ಗೆ ವರ್ಗಾಯಿಸುವ ಪ್ರಸ್ತಾಪಕ್ಕೆ ನಿವಾಸಿಗಳಲ್ಲಿ ಶೇ 73ರಷ್ಟು ಮಂದಿ ಬೇಡ ಎಂದು ಮತ ಹಾಕಿದರು. 2005ರಲ್ಲಿ ಕೌನ್ಸಿಲ್ ಕೆಡವುವುದೇ ಸರಿ ಎಂದು ತೀರ್ಮಾನಿಸಿತು. 2014ರಲ್ಲಿ ನಾಟಿಂಗ್ ಹಿಲ್ ಹೌಸಿಂಗ್ ಟ್ರಸ್ಟ್ (ಈಗಿನ ನಾಟಿಂಗ್ ಹಿಲ್ ಜೆನೆಸಿಸ್) ಪಾಲುದಾರನಾಯಿತು. 2016ರಲ್ಲಿ, ಗುತ್ತಿಗೆ ಮಾಲೀಕರ ಮಾನವ ಹಕ್ಕುಗಳ ಪ್ರಶ್ನೆ ಎತ್ತಿ ಆಗಿನ ಸಚಿವ ಸಾಜಿದ್ ಜಾವಿದ್ ಸ್ವಾಧೀನ ಆದೇಶಕ್ಕೆ ಒಪ್ಪಿಗೆ ನಿರಾಕರಿಸಿದರು. ಮರುವರ್ಷ ಆ ನಿರಾಕರಣೆಯನ್ನೇ ಹಿಂತೆಗೆದುಕೊಳ್ಳಲಾಯಿತು. 2024ರ ಜನವರಿಯಲ್ಲಿ ನಿವಾಸಿಯೊಬ್ಬರು ಹೂಡಿದ ದಾವೆಯಲ್ಲಿ ಯೋಜನೆಯ ಮುಂದಿನ ಹಂತದ ಅನುಮತಿಗೆ ಕೌನ್ಸಿಲ್ ಹಿಡಿದ ದಾರಿ ಸರಿಯಿಲ್ಲ ಎಂದು ಹೈಕೋರ್ಟ್ ಹೇಳಿತು. ಬ್ಲೇರ್ ಭಾಷಣದ ದಿನ ಹುಟ್ಟಿದ ಮಗು ಆ ಹೊತ್ತಿಗೆ 26 ವರ್ಷದ ವ್ಯಕ್ತಿಯಾಗಿತ್ತು.

ಸಮಾಧಾನಕರ ಉದಾಹರಣೆಗಳೂ ಇಲ್ಲವೆಂದಲ್ಲ. ಹ್ಯಾಕ್ನಿಯ ವುಡ್‌ಬರಿ ಡೌನ್‌ನಲ್ಲಿ ಸುಮಾರು 2,000 ಹಳೆಯ ಮನೆಗಳ ಜಾಗದಲ್ಲಿ 5,500ಕ್ಕೂ ಹೆಚ್ಚು ಮನೆಗಳು ಹಂತಹಂತವಾಗಿ ಏಳುತ್ತಿವೆ. ಕೆರೆಯ ಬದಿಯ ಫ್ಲ್ಯಾಟ್‌ಗಳು ದುಬಾರಿ ಬೆಲೆಗೆ ಹೋಗಿವೆ, ಟೀಕೆಯೂ ಇದೆ. ಆದರೂ ಹಳಬರಲ್ಲಿ ಬಹಳ ಮಂದಿ ಅಲ್ಲಿಯೇ ಹೊಸ ಮನೆಗೆ ಹೋದರು, ನಿವಾಸಿಗಳ ಸಮಿತಿ ಮೊದಲಿನಿಂದ ಮಾತುಕತೆಯ ಮೇಜಿನಲ್ಲಿತ್ತು.

ಮತಪೆಟ್ಟಿಗೆ ಬಂದ ಮೇಲೆ

ಹೇಗೇಟ್‌ನಂಥ ಪ್ರಕರಣಗಳ ಸಿಟ್ಟಿನಿಂದಲೇ 2018ರಲ್ಲಿ ಹೊಸ ನಿಯಮ ಬಂತು. ಸಾಮಾಜಿಕ ಮನೆಗಳನ್ನು ಕೆಡವಿ 150 ಅಥವಾ ಹೆಚ್ಚು ಮನೆ ಕಟ್ಟುವ ಯೋಜನೆಗೆ ಮೇಯರ್ ಕಚೇರಿಯ ಅನುದಾನ ಬೇಕಿದ್ದರೆ ನಿವಾಸಿಗಳ ಮತದಾನ ನಡೆದು ಬಹುಮತದ ಒಪ್ಪಿಗೆ ಸಿಗಬೇಕು. ಬಾಡಿಗೆದಾರರು, ಅಲ್ಲೇ ವಾಸಿಸುವ ಗುತ್ತಿಗೆ ಮಾಲೀಕರು, ವರ್ಷಕ್ಕೂ ಹೆಚ್ಚು ಕಾಲದಿಂದ ಕಾಯುವ ಪಟ್ಟಿಯಲ್ಲಿದ್ದು ಅಲ್ಲಿಯೇ ನೆಲೆಸಿದವರು ಮತದಾರರು. ಲಂಡನ್ ಪ್ಲ್ಯಾನ್ ಎಂಬ 2021ರ ನಗರ ಯೋಜನೆಯೂ ಕೆಡವಿದಷ್ಟು ಸಾಮಾಜಿಕ ವಸತಿಯ ನೆಲಹರವು ಮರಳಿ ಬರಲೇಬೇಕು ಎಂದು ವಿಧಿಸಿತು. ಕೆಡವಿ ಕಟ್ಟುವ ಯೋಜನೆಗಳು ತ್ವರಿತ ದಾರಿ ಹಿಡಿಯುವಂತಿಲ್ಲ, ಪೂರ್ತಿ ಲೆಕ್ಕಪತ್ರ ತೆರೆದಿಟ್ಟೇ ಅನುಮತಿ ಪಡೆಯಬೇಕು ಎಂಬುದೂ ಅದರಲ್ಲೇ ಇದೆ. ಅಕ್ಟೋಬರ್‌ನ ಶೇ 20ರ ರಿಯಾಯಿತಿ ಕಂಡು ‘ನಮ್ಮ ಎಸ್ಟೇಟ್‌ನಲ್ಲಿ ಐದರಲ್ಲಿ ಒಬ್ಬರಿಗೆ ಮಾತ್ರ ಮನೆ’ ಎಂದು ದಿಗಿಲುಗೊಂಡವರು ಗಮನಿಸಬೇಕಾದದ್ದು ಇದನ್ನು.

ಮತದಾನಗಳಲ್ಲಿ ಬಹುಪಾಲು ಯೋಜನೆಯ ಪರವಾಗಿಯೇ ಬಂದಿವೆ. 2020ರಲ್ಲಿ ಲೆಸ್ನೆಸ್‌ನಲ್ಲೂ ಬಹುಮತ ಒಪ್ಪಿತು. ಅಸೋಸಿಯೇಷನ್‌ಗಳು ಇದನ್ನು ಜನಾದೇಶ ಎನ್ನುತ್ತವೆ. ವಿರೋಧಿಗಳ ಮಾತೇ ಬೇರೆ: ವರ್ಷಗಟ್ಟಲೆ ತೇವ, ಬೂಷ್ಟು, ಕೆಟ್ಟ ಲಿಫ್ಟ್‌ಗಳ ನಡುವೆ ಬದುಕಿದವನ ಮುಂದೆ ‘ಹೊಸ ಮನೆಯೋ, ಇದೇ ಸ್ಥಿತಿಯೋ’ ಎಂದು ಚೀಟಿ ಹಿಡಿದರೆ ಅವನು ಬೇರೇನು ಆರಿಸಿಯಾನು? ಸರಿಯಾಗಿ ರಿಪೇರಿ ಮಾಡುವುದು ಎಂಬ ಮೂರನೆಯ ಆಯ್ಕೆ ಆ ಚೀಟಿಯಲ್ಲಿ ಇರುವುದಿಲ್ಲ. ಈ ಆಕ್ಷೇಪಕ್ಕೆ ಅಸೋಸಿಯೇಷನ್‌ಗಳಿಂದ ತೃಪ್ತಿಕರ ಉತ್ತರ ಬಂದಿಲ್ಲ ಎಂದೇ ಹೇಳಬೇಕು.

ಲೆಕ್ಕ ತಪ್ಪಿದ್ದು ಎಲ್ಲಿ?

ಅಸೋಸಿಯೇಷನ್‌ಗಳ ಜೇಬಿಗೆ ನಾಲ್ಕು ಕಡೆಯಿಂದ ಕತ್ತರಿ ಬಿತ್ತು. ಬಾಡಿಗೆಯ ಆದಾಯ ಮೊದಲನೆಯದು: 2016ರಿಂದ ನಾಲ್ಕು ವರ್ಷ ಬಾಡಿಗೆಯನ್ನು ವರ್ಷಕ್ಕೆ ಶೇ 1ರಂತೆ ಇಳಿಸಬೇಕೆಂದು ಸರ್ಕಾರ ಆದೇಶಿಸಿತು, ಬೆಲೆಯೇರಿಕೆ ಶೇ 10 ದಾಟಿದ ಮೇಲೆ, 2023ರಲ್ಲಿ, ಬಾಡಿಗೆ ಏರಿಕೆಗೆ ಶೇ 7ರ ಮಿತಿ ಹಾಕಿತು. ಬಾಡಿಗೆದಾರರಿಗೆ ಇದು ಉಸಿರಾಡಲು ಬಿಟ್ಟ ಜಾಗ. ಆದರೆ ಮೂವತ್ತು ವರ್ಷದ ಸಾಲವನ್ನು ಬಾಡಿಗೆಯಿಂದ ತೀರಿಸುವ ಸಂಸ್ಥೆಗೆ ಒಮ್ಮೆ ತಪ್ಪಿದ ಏರಿಕೆ ಮುಂದಿನ ಪ್ರತಿ ವರ್ಷವೂ ತಪ್ಪಿದಂತೆಯೇ.

2017ರ ಜೂನ್ 14ರಂದು ಲಂಡನ್‌ನ ಗ್ರೆನ್‌ಫೆಲ್ ಎಂಬ ವಸತಿ ಗೋಪುರದ ಬೆಂಕಿಯಲ್ಲಿ 72 ಜನ ಸತ್ತರು. ಅದರ ನಂತರ ಕಟ್ಟಡಗಳ ಹೊರಗೋಡೆಯ ಬೆಂಕಿ ಹಿಡಿಯುವ ಹೊದಿಕೆಗಳನ್ನು ಕಿತ್ತು ಸರಿಪಡಿಸುವ ಖರ್ಚು ಬಂತು. 2020ರಲ್ಲಿ ರೋಚ್‌ಡೇಲ್‌ನಲ್ಲಿ ಹೌಸಿಂಗ್ ಅಸೋಸಿಯೇಷನ್ ಒಂದರ ಫ್ಲ್ಯಾಟ್‌ನ ಬೂಷ್ಟಿನಿಂದಾಗಿ ಎರಡು ವರ್ಷದ ಮಗು ಅವಾಬ್ ಇಷಾಕ್ ತೀರಿಕೊಂಡಿತು. ಆ ಮಗುವಿನ ಹೆಸರಿನ ಕಾಯ್ದೆ 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ತೇವದ ದೂರನ್ನು ಈಗ ಗಡುವಿನೊಳಗೆ ಪರಿಹರಿಸಲೇಬೇಕು. ಇವೆಲ್ಲ ಎಂದೋ ಆಗಬೇಕಿದ್ದ ಕೆಲಸಗಳು. ಅದಕ್ಕೆ ಬೇಕಾದ ಹಣ ಹೊಸ ಮನೆಗಳ ಪಾಲಿನಿಂದಲೇ ಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಬಡ್ಡಿ ಮೂರನೆಯ ಪೆಟ್ಟು. ಬ್ಯಾಂಕ್ ಆಫ್ ಇಂಗ್ಲೆಂಡ್ ದರ 2021ರಲ್ಲಿ ಶೇ 0.1 ಇದ್ದದ್ದು 2023ರ ಆಗಸ್ಟ್‌ಗೆ ಶೇ 5.25 ಆಯಿತು. ಇಡೀ ಕ್ಷೇತ್ರದ ಮೇಲಿರುವ ಸಾಲ ಸುಮಾರು 10,000 ಕೋಟಿ ಪೌಂಡ್. ರಿಪೇರಿಯ ಖರ್ಚನ್ನೆಲ್ಲ ಕಳೆದ ಮೇಲೆ ಉಳಿಯುವ ಹಣ ಒಟ್ಟಾರೆ ಬಡ್ಡಿ ಕಟ್ಟಲೂ ಸಾಲದ ಸ್ಥಿತಿ ಇತ್ತೀಚಿನ ವರ್ಷಗಳದ್ದು. ಕೊನೆಗೆ, ಕನಿಷ್ಠ ಏಳು ಮಹಡಿ ಅಥವಾ 18 ಮೀಟರ್ ಎತ್ತರವಿರುವ ವಸತಿ ಕಟ್ಟಡಕ್ಕೆ ಗ್ರೆನ್‌ಫೆಲ್ ನಂತರದ ಸುರಕ್ಷತಾ ನಿಯಂತ್ರಕರ ಅನುಮತಿ ಸಿಗದೆ ಅಡಿಪಾಯ ತೋಡುವಂತಿಲ್ಲ. 12 ವಾರದಲ್ಲಿ ಬರಬೇಕಾದ ಆ ಕಾಗದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಎಸ್ಟೇಟ್ ಯೋಜನೆಗಳೆಲ್ಲ ಎತ್ತರವನ್ನೇ ನೆಚ್ಚಿಕೊಂಡವು ಎಂಬುದನ್ನು ಮೇಲಿನ ಲೆಕ್ಕದಲ್ಲಿ ನೋಡಿದೆವು.

ಪರಿಣಾಮ ಅಂಕಿಗಳಲ್ಲಿ ನಿಚ್ಚಳವಾಗಿದೆ. ಮೇಯರ್‌ನ ಅನುದಾನದಡಿ ಲಂಡನ್‌ನಲ್ಲಿ 2022–23ರಲ್ಲಿ ಕಾಮಗಾರಿ ಶುರುವಾದ ಕೈಗೆಟುಕುವ ಮನೆಗಳು 25,658. ಮರುವರ್ಷ 2,358. (ಮೊದಲ ವರ್ಷದ್ದು ಹಳೆಯ ಅನುದಾನದ ಗಡುವು ಮುಗಿಯುವ ಮುನ್ನ ನುಗ್ಗಿದ ಅವಸರವನ್ನೂ ಒಳಗೊಂಡಿದೆ, ಆದರೂ ಕುಸಿತ ಕುಸಿತವೇ.) ಖಾಸಗಿ ಬಿಲ್ಡರ್‌ಗಳು ಕಾನೂನಿನಂತೆ ಕಟ್ಟಿದ ಕೈಗೆಟುಕುವ ಮನೆಗಳನ್ನು ಕೊಳ್ಳಲು ಅಸೋಸಿಯೇಷನ್‌ಗಳ ಬಳಿ ಹಣವಿಲ್ಲದೆ, 2024ರ ಕೊನೆಗೆ ಕನಿಷ್ಠ 17,000 ಇಂಥ ಮನೆಗಳಿಗೆ ಗಿರಾಕಿಯೇ ಸಿಕ್ಕಿರಲಿಲ್ಲ ಎಂದು ಬಿಲ್ಡರ್‌ಗಳ ಒಕ್ಕೂಟ ಹೇಳಿತು. ಅದೇ ಹೊತ್ತಿಗೆ ಇಂಗ್ಲೆಂಡ್‌ನಲ್ಲಿ ಸಾಮಾಜಿಕ ಮನೆಗಾಗಿ ಕಾಯುತ್ತಿದ್ದ ಕುಟುಂಬಗಳು 13 ಲಕ್ಷಕ್ಕೂ ಹೆಚ್ಚು.

ಶೇ 35ರಿಂದ 20ಕ್ಕೆ ಇಳಿಸಿದ್ದರ ತರ್ಕ ಇಲ್ಲಿ ಸಿಗುತ್ತದೆ: ಕಟ್ಟದೇ ಉಳಿದ ಕಟ್ಟಡದ ಶೇ 35 ಎಂದರೆ ಸೊನ್ನೆ. ಟೀಕಾಕಾರರ ಪ್ರಶ್ನೆಯಲ್ಲೂ ಹುರುಳಿದೆ: ಇನ್ನಷ್ಟು ಕಾದರೆ ಇನ್ನಷ್ಟು ಇಳಿಯುತ್ತದೆ ಎಂದು ಬಿಲ್ಡರ್ ಕಲಿತರೆ ಆತ ಈಗ ಯಾಕೆ ಕಟ್ಟುತ್ತಾನೆ?

ರಿಪೇರಿಯೋ, ನೆಲಸಮವೋ

ಕೆಡವುವವರ ವಾದ ಹೀಗಿದೆ. ಹಳೆಯ ಮನೆಗಳಿಗೆ ತೇಪೆ ಹಚ್ಚಿದರೆ ಇಪ್ಪತ್ತು ವರ್ಷ ತಳ್ಳಬಹುದು, ಅಷ್ಟೇ. ಹೊಸ ಮನೆ ಬೆಚ್ಚಗಿರುತ್ತದೆ, ವಿದ್ಯುತ್ ಬಿಲ್ ಇಳಿಯುತ್ತದೆ, ಲಿಫ್ಟ್ ಇರುತ್ತದೆ, ಒಂದೇ ಕೋಣೆಯಲ್ಲಿ ಮೂರು ಮಕ್ಕಳಿರುವ ಕುಟುಂಬಕ್ಕೆ ದೊಡ್ಡ ಮನೆ ಸಿಗುತ್ತದೆ. ಥೇಮ್ಸ್‌ಮೀಡ್‌ನ ಪಕ್ಕದ ಅಬ್ಬಿ ವುಡ್‌ಗೆ 2022ರಲ್ಲಿ ಎಲಿಜಬೆತ್ ಮಾರ್ಗದ ರೈಲು ಬಂದ ಮೇಲಂತೂ ಅಂಥ ಜಾಗದಲ್ಲಿ ಹೆಚ್ಚು ಜನರಿಗೆ ನೆಲೆ ಕೊಡದಿರುವುದೇ ಅನ್ಯಾಯ.

ಉಳಿಸಿ ಎನ್ನುವವರು ಕಾಂಕ್ರೀಟಿನಲ್ಲಿ ಹೂತ ಇಂಗಾಲದ ಲೆಕ್ಕ ಕೊಡುತ್ತಾರೆ, ಖಾಲಿ ಮೂಲೆಗಳಲ್ಲಿ ಹೊಸ ಕಟ್ಟಡ ಸೇರಿಸಿ ಹಳೆಯದನ್ನು ದುರಸ್ತಿ ಮಾಡುವ ನಕ್ಷೆಗಳನ್ನೂ ತೋರಿಸುತ್ತಾರೆ. ಅವರ ಬಲವಾದ ವಾದ ಮಾತ್ರ ಬೇರೆಯದು. ‘ಕೆಡವುತ್ತೇವೆ’ ಎಂದು ಘೋಷಿಸಿದ ದಿನದಿಂದ ಆ ಎಸ್ಟೇಟ್‌ನ ಮೇಲೆ ಯಾರೂ ಹಣ ಹಾಕುವುದಿಲ್ಲ. ಒಡೆಯುವ ಮನೆಗೆ ಹೊಸ ಕಿಟಕಿ ಯಾಕೆ? ಮನೆಗಳು ಒಂದೊಂದಾಗಿ ಖಾಲಿಯಾಗುತ್ತವೆ, ಅಂಗಡಿ ಮುಚ್ಚುತ್ತದೆ, ಉಳಿದವರು ಕತ್ತಲ ಮೊಗಸಾಲೆಯಲ್ಲಿ ಓಡಾಡುತ್ತಾರೆ. ಯೋಜನೆ ಐದು ವರ್ಷದಲ್ಲಿ ಮುಗಿದರೆ ಸಹಿಸಿಕೊಳ್ಳಬಹುದು. ಮರ್ಟನ್‌ನ ಈಸ್ಟ್‌ಫೀಲ್ಡ್ಸ್‌ನಲ್ಲಿ, ದೇಶದ ಅತಿ ದೊಡ್ಡ ಅಸೋಸಿಯೇಷನ್ ಆದ ಕ್ಲಾರಿಯನ್‌ನ ಪುನರ್ನಿರ್ಮಾಣದ ಪಟ್ಟಿಯಲ್ಲಿ ವರ್ಷಗಳಿಂದ ಇದ್ದ ಮನೆಗಳ ದುಃಸ್ಥಿತಿ 2021ರಲ್ಲಿ ಟಿವಿ ವರದಿಗಳಲ್ಲಿ ದೇಶಕ್ಕೆಲ್ಲ ಕಾಣಿಸಿತು. ಕಟ್ಟಡ ಹಾಳಾಗಿದೆ ಆದ್ದರಿಂದ ಕೆಡವಬೇಕು ಎಂಬ ಮಾತು, ಕೆಡವಬೇಕಿದೆ ಆದ್ದರಿಂದ ಹಾಳಾಯಿತು ಎಂದು ತಿರುವುಮುರುವಾಗುವುದು ಹೀಗೆ.

ಅಲ್ಲಿರುವ ಕನ್ನಡಿಗರಿಗೆ

ಕೆಲಸದ ವೀಸಾದ ಮೇಲೆ ಲಂಡನ್ ಸೇರಿದ ಕನ್ನಡಿಗರು ಈ ಸಾಮಾಜಿಕ ಮನೆಗಳ ಸಾಲಿನಲ್ಲಿ ಇಲ್ಲ; ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಅವರ ವೀಸಾಕ್ಕೇ ಅಂಟಿಕೊಂಡಿರುತ್ತದೆ. ಆದರೆ ಹೊಸ ಗೋಪುರಗಳ ಮಾರಾಟದ ಫ್ಲ್ಯಾಟ್‌ಗಳಿಗೂ ಪಾಲುದಾರಿಕೆಯ ಮನೆಗಳಿಗೂ ಗಿರಾಕಿಗಳಾಗುವವರಲ್ಲಿ, ಕಾಯಂ ವಾಸದ ಹಕ್ಕು ಪಡೆದ ನಮ್ಮವರೂ ಇದ್ದಾರೆ. ಗುತ್ತಿಗೆಯ ಅವಧಿ ಎಷ್ಟು, ವಾರ್ಷಿಕ ನಿರ್ವಹಣಾ ಶುಲ್ಕ ಎಷ್ಟು, ಪಕ್ಕದ ಹಂತಗಳು ಎಂದಿಗೆ ಮುಗಿಯುತ್ತವೆ ಎಂದು ವಿಚಾರಿಸದೆ ಮುಂಗಡ ಕಟ್ಟಿದರೆ, ಹತ್ತು ವರ್ಷ ಕ್ರೇನ್‌ಗಳ ಕೆಳಗೆ ಬದುಕಬೇಕಾದೀತು.

ಮುಂದೆ ನೋಡಬೇಕಾದದ್ದು

ಹೊಸ 3,900 ಕೋಟಿ ಪೌಂಡ್‌ನಿಂದ ಸುಮಾರು 3 ಲಕ್ಷ ಮನೆ, ಅದರಲ್ಲಿ ಶೇ 60ರಷ್ಟು ಸಾಮಾಜಿಕ ಬಾಡಿಗೆಗೆ ಎಂಬುದು ಸರ್ಕಾರದ ಗುರಿ. 2026ರಿಂದ ಹತ್ತು ವರ್ಷ ಬಾಡಿಗೆಯನ್ನು ಬೆಲೆಯೇರಿಕೆಗಿಂತ ಶೇ 1ರಷ್ಟು ಹೆಚ್ಚು ಏರಿಸಲು ಅಸೋಸಿಯೇಷನ್‌ಗಳಿಗೆ ಅನುಮತಿಯಿದೆ. ಅದರ ಅರ್ಥ, ಅನುದಾನದ ಜೊತೆಗೆ ಒಂದು ಪಾಲನ್ನು ಈಗಿರುವ ಬಾಡಿಗೆದಾರರೇ ವರ್ಷ ವರ್ಷ ಕಟ್ಟುತ್ತಾರೆ. ಸರ್ಕಾರದ ಭಾಷಣಗಳಲ್ಲಿ ಈ ಭಾಗ ಅಷ್ಟಾಗಿ ಕೇಳಿಸುವುದಿಲ್ಲ. ಹಣ ಬಂದರೂ ಅದು ಖಾಲಿ ನಿವೇಶನಗಳತ್ತ ಹರಿಯುವ ಸಂಭವವೇ ಹೆಚ್ಚು: ಅಲ್ಲಿ ಕಟ್ಟಿದ ಪ್ರತಿ ಮನೆಯೂ ಹೆಚ್ಚುವರಿ, ಎಸ್ಟೇಟ್‌ನಲ್ಲಿ ಮೊದಲ ನೂರಾರು ಮನೆ ಬರೀ ಬದಲಿ. 3 ಲಕ್ಷದ ಗುರಿ ಹೊತ್ತ ಮಂತ್ರಿ ಯಾವುದನ್ನು ಆರಿಸುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಹಾಗಾಗಿ ಎಸ್ಟೇಟ್ ಯೋಜನೆಯ ಹೊಸ ಪ್ರಕಟಣೆ ಕೈಗೆ ಬಂದಾಗ ಒಟ್ಟು ಮನೆಗಳ ಸಂಖ್ಯೆಯಿಂದ ಓದು ಶುರುಮಾಡುವುದು ವ್ಯರ್ಥ. ಸಾಮಾಜಿಕ ಬಾಡಿಗೆಯ ಮನೆ ಇಂದು ಎಷ್ಟಿವೆ, ಕೊನೆಗೆ ಎಷ್ಟಿರುತ್ತವೆ ಎಂಬ ಎರಡು ಅಂಕಿಗಳು ಅದೇ ಕಡತದ ಒಳಪುಟದಲ್ಲಿರುತ್ತವೆ. ಇನ್ನೂ ಒಳಗೆ ಹಂತಗಳ ಪಟ್ಟಿಯಿರುತ್ತದೆ. ಹಳಬರ ಮನೆಗಳು ಮೊದಲ ಹಂತದಲ್ಲಿದ್ದರೆ, ಮಾರುಕಟ್ಟೆ ಬಿದ್ದರೂ ಅವು ಎದ್ದು ನಿಂತಿರುತ್ತವೆ. ನಾಲ್ಕನೆಯ ಹಂತದಲ್ಲಿದ್ದರೆ, ಮೊದಲ ಮೂರರ ಫ್ಲ್ಯಾಟ್‌ಗಳು ಒಳ್ಳೆಯ ಬೆಲೆಗೆ ಮಾರಾಟವಾಗುವವರೆಗೂ ಅವು ನಕ್ಷೆಯಲ್ಲೇ ಇರುತ್ತವೆ, ಅವುಗಳಿಗಾಗಿ ಕಾಯುವವರು ಕೆಡವಲೆಂದು ಗುರುತು ಹಾಕಿದ ಕಟ್ಟಡದಲ್ಲಿರುತ್ತಾರೆ.